ಡಾಕ್ಟರ್ ಮಾರಿಯಾ ಮಾಂಟೆಸೊರಿ

ನಮ್ಮ ನಾಡಿನ ಪಟ್ಟಣಗಳಲ್ಲಿ ಪುಟ್ಟ ಮಕ್ಕಳ ಶಾಲೆಗಳ ಫಲಕಗಳ ಮೇಲೆ ಮಾಂಟೆಸೊರಿ ಎಂಬ ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ. ಅದನ್ನು ನಿತ್ಯವೂ ಓದಿಕೊಂಡು ಮುಂದೆ ಸಾಗುವ ಹಲವರಿಗೆ ಅದೊಂದು ಬಗೆಯ ಶಾಲೆಯ ಹೆಸರೆಂದಷ್ಟೇ ಗೊತ್ತು. ಆದರೆ ಅದು ಇಟಲಿ ದೇಶದ ಒಬ್ಬ ಮಹಿಳೆಯ ಹೆಸರು. ಆಕೆ ವೈದ್ಯೆಯಾಗಿ ವೃತ್ತಿಜೀವನವನ್ನು ಆರಂಭಿಸಿದವರು. ಸಮಾಜವು ಕೈಬಿಟ್ಟಿದ್ದ ಮಕ್ಕಳ ನಡುವೆ ನಿಂತು ಶಿಕ್ಷಣದ ಮರ್ಮವನ್ನು ಕಂಡುಕೊಂಡವರು. ಒಮ್ಮೆ ಪದವಿ ಪಡೆದ ಮೇಲೆಯೂ ಮತ್ತೆ ವಿದ್ಯಾರ್ಥಿನಿಯಾಗಿ ವಿಶ್ವವಿದ್ಯಾನಿಲಯದ ಮೆಟ್ಟಿಲೇರಿದವರು. ಎಳೆಯ ಮಕ್ಕಳಿಗೆ ಕಲಿಸುವುದು ಯಾರು ಬೇಕಾದರೂ ಮಾಡಬಹುದಾದ ಸುಲಭದ ಕೆಲಸವೆಂದು ಲೋಕವು ನಂಬಿದ್ದ ಕಾಲದಲ್ಲಿ, ಅದು ಆಳವಾದ ಅಧ್ಯಯನವನ್ನೂ ಕಠಿಣವಾದ ಸಾಧನೆಯನ್ನೂ ಬೇಡುವ ವಿದ್ಯೆಯೆಂದು ತೋರಿಸಿಕೊಟ್ಟವರಲ್ಲಿ ಅವರು ಅಗ್ರಗಣ್ಯರು.

ಮಾರಿಯಾ ಮಾಂಟೆಸೊರಿ 1870ರ ಆಗಸ್ಟ್ 31ರಂದು ಇಟಲಿಯ ಆಂಕೋನಾ ಪ್ರಾಂತದ ಕಿಯಾರವಲ್ಲೆ ಎಂಬ ಊರಿನಲ್ಲಿ ಜನಿಸಿದಳು. ಹರಿದು ಹಂಚಿಹೋಗಿದ್ದ ಇಟಲಿಯು ಒಂದು ರಾಷ್ಟ್ರವಾಗಿ ಒಂದುಗೂಡುತ್ತಿದ್ದ ಕಾಲವದು. ಮಗು ಹುಟ್ಟಿದ ಮೂರು ವಾರಗಳೊಳಗೆ ರೋಮ್ ನಗರವು ಆ ಹೊಸ ರಾಷ್ಟ್ರಕ್ಕೆ ಸೇರಿತು. ತಂದೆ ಅಲೆಸ್ಸಾಂಡ್ರೊ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದನು. ಶಿಸ್ತಿನ, ಹಳೆಯ ಸಂಪ್ರದಾಯದ ಮನುಷ್ಯ. ತಾಯಿ ರೆನಿಲ್ಡೆ ಓದುಬರಹದಲ್ಲಿ ಅಪಾರ ಆಸಕ್ತಿಯುಳ್ಳವಳು. ಮಾರಿಯಾ ಅವರ ಏಕಮಾತ್ರ ಸಂತಾನ. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು 1875ರಲ್ಲಿ ರೋಮ್ ನಗರಕ್ಕೆ ಬಂದು ನೆಲೆಸಿತು.

ಅಂದಿನ ಇಟಲಿಯಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಇದ್ದ ಅವಕಾಶ ಬಹಳ ಅಲ್ಪ. ಓದಿದ ಹುಡುಗಿಯರು ಹೆಚ್ಚೆಂದರೆ ಉಪಾಧ್ಯಾಯಿನಿಯರಾಗಬಹುದಾಗಿತ್ತು. ಮಾರಿಯಾಳಿಗೆ ಆ ವೃತ್ತಿ ಬೇಡವಾಗಿತ್ತು. ಗಣಿತದಲ್ಲಿ ಒಲವಿದ್ದ ಆಕೆ ಎಂಜಿನಿಯರ್ ಆಗಬೇಕೆಂದು ಬಯಸಿ, ಹದಿಮೂರನೆಯ ವಯಸ್ಸಿನಲ್ಲಿ ಬಹುಮಟ್ಟಿಗೆ ಗಂಡುಮಕ್ಕಳೇ ಓದುತ್ತಿದ್ದ ತಾಂತ್ರಿಕ ಶಾಲೆಯನ್ನು ಸೇರಿದಳು. 1890ರ ಹೊತ್ತಿಗೆ ಆ ವ್ಯಾಸಂಗ ಮುಗಿಯಿತು. ಅಷ್ಟರಲ್ಲಿ ಆಕೆಯ ಮನಸ್ಸು ವೈದ್ಯವಿದ್ಯೆಯತ್ತ ತಿರುಗಿತ್ತು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಮಾತ್ರ ಮಗಳ ಬೆನ್ನಿಗೆ ನಿಂತಳು. ರೋಮ್ ವಿಶ್ವವಿದ್ಯಾನಿಲಯದ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾದ ಗ್ವಿಡೊ ಬಾಚೆಲ್ಲಿಯನ್ನು ಕಂಡು ಆಕೆ ತನ್ನ ಆಸೆಯನ್ನು ತಿಳಿಸಿದಾಗ, ಅವನೂ ಅದನ್ನು ಪ್ರೋತ್ಸಾಹಿಸಲಿಲ್ಲ. ಮಾರಿಯಾ ಎದೆಗುಂದಲಿಲ್ಲ. ಮೊದಲು ಪ್ರಕೃತಿ ವಿಜ್ಞಾನಗಳ ತರಗತಿಗೆ ಸೇರಿ ಅಗತ್ಯವಾದ ಅರ್ಹತೆಯನ್ನು ಗಳಿಸಿಕೊಂಡು, 1893ರಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಪ್ರವೇಶ ಪಡೆದಳು.

ಪ್ರವೇಶ ದೊರೆತರೂ ದಾರಿ ಸುಗಮವಾಗಿರಲಿಲ್ಲ. ಸಹಪಾಠಿಗಳ ಅಪಹಾಸ್ಯವನ್ನೂ ಕೆಲವು ಅಧ್ಯಾಪಕರ ಅಸಮಾಧಾನವನ್ನೂ ಆಕೆ ನಿತ್ಯವೂ ಎದುರಿಸಬೇಕಾಗಿತ್ತು. ಗಂಡಸರ ಸಮ್ಮುಖದಲ್ಲಿ ಹೆಣ್ಣೊಬ್ಬಳು ಶವಚ್ಛೇದನ ಮಾಡುವುದು ಮರ್ಯಾದೆಗೆ ತಕ್ಕದ್ದಲ್ಲವೆಂದು ಅಂದಿನ ಸಮಾಜ ಭಾವಿಸಿತ್ತು. ಆದ್ದರಿಂದ ಉಳಿದವರೆಲ್ಲರೂ ಹೊರಟುಹೋದ ಮೇಲೆ, ಆಕೆ ಒಬ್ಬಳೇ ಶವಗಳ ನಡುವೆ ನಿಂತು ಆ ಅಭ್ಯಾಸವನ್ನು ಮಾಡಬೇಕಾಯಿತು. ಔಷಧಿಯ ದುರ್ವಾಸನೆಯನ್ನು ತಡೆಯಲು ಹೊಗೆಬತ್ತಿ ಸೇದುವುದನ್ನೂ ರೂಢಿಸಿಕೊಳ್ಳಬೇಕಾಯಿತು. ಇಂತಹ ಸಂಕಟಗಳನ್ನೆಲ್ಲ ಸಹಿಸಿ 1896ರಲ್ಲಿ ಆಕೆ ವೈದ್ಯಕೀಯ ಪದವಿಯನ್ನು ಪಡೆದಳು. ಇಟಲಿಯ ಮೊದಮೊದಲ ಮಹಿಳಾ ವೈದ್ಯರ ಸಾಲಿನಲ್ಲಿ ಆಕೆಯ ಹೆಸರು ಸೇರಿತು. ಅದೇ ವರ್ಷ ಬರ್ಲಿನ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಇಟಲಿಯ ಪ್ರತಿನಿಧಿಯಾಗಿ ಭಾಗವಹಿಸಿ, ದುಡಿಯುವ ಹೆಂಗಸರಿಗೆ ಗಂಡಸರಿಗೆ ಸಮನಾದ ಕೂಲಿ ದೊರೆಯಬೇಕೆಂದು ವಾದಿಸಿದಳು.

ಹೀಗೆ ವೈದ್ಯೆಯಾದ ಮಾಂಟೆಸೊರಿಯವರು ವಿಶ್ವವಿದ್ಯಾನಿಲಯದ ಮಾನಸಿಕ ರೋಗಗಳ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿ ಕೆಲಸಕ್ಕೆ ತೊಡಗಿದರು. ಚಿಕಿತ್ಸೆಗೆ ತಕ್ಕ ರೋಗಿಗಳನ್ನು ಆರಿಸಲು ರೋಮ್ ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗುವುದು ಅವರ ಕರ್ತವ್ಯವಾಗಿತ್ತು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಆ ಕಾಲದಲ್ಲಿ ಹುಚ್ಚರೊಡನೆಯೇ ಕೂಡಿಹಾಕುತ್ತಿದ್ದರು. ಬರಿಯ ಗೋಡೆಗಳ ಕೋಣೆ. ಕೈಗೆ ಸಿಗುವಂತಹ ಒಂದು ವಸ್ತುವೂ ಅಲ್ಲಿಲ್ಲ. ಊಟವಾದ ಮೇಲೆ ಈ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ತಡಕಾಡುವುದನ್ನು ಅಲ್ಲಿನ ಮೇಲ್ವಿಚಾರಕಿಯು ಹೊಟ್ಟೆಬಾಕತನವೆಂದು ಜರೆದಳೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ಮಾಂಟೆಸೊರಿಯವರ ಕಣ್ಣಿಗೆ ಕಂಡದ್ದೇ ಬೇರೆ. ಆ ಮಕ್ಕಳ ಹಸಿವು ಹೊಟ್ಟೆಯದಲ್ಲ, ಬೆರಳುಗಳದು. ಮುಟ್ಟಿ ನೋಡಲು, ಹಿಡಿದು ಆಡಲು ಬೇರೇನೂ ಇಲ್ಲದುದರಿಂದ ಅವು ರೊಟ್ಟಿಯ ಚೂರುಗಳನ್ನೇ ಅರಸುತ್ತಿದ್ದವು. ಕೈಗೆ ಕೆಲಸವಿಲ್ಲದೆ ಮನಸ್ಸು ಬೆಳೆಯಲಾರದೆಂಬ ವಿಚಾರವು ಅವರಲ್ಲಿ ಅಂದು ಮೊಳೆಯಿತು. ಈ ಮಕ್ಕಳ ಕೊರತೆಗೆ ಪರಿಹಾರ ಔಷಧಿಗಿಂತ ಮುಖ್ಯವಾಗಿ ಶಿಕ್ಷಣದಲ್ಲಿದೆಯೆಂದು ಅವರು ನಿಶ್ಚಯಿಸಿದರು.

ಆಗ ಅವರ ದೃಷ್ಟಿ ಇಬ್ಬರು ಫ್ರೆಂಚ್ ವೈದ್ಯರ ಗ್ರಂಥಗಳತ್ತ ಹರಿಯಿತು. ಮೊದಲನೆಯವನು ಝಾನ್ ಇತಾರ್. ಪ್ಯಾರಿಸ್ ನಗರದ ಕಿವುಡಮೂಗರ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಈತ, 1800ರ ಸುಮಾರಿನಲ್ಲಿ ಆವೇರಾನ್ ಎಂಬಲ್ಲಿನ ಕಾಡಿನಲ್ಲಿ ಸಿಕ್ಕಿದ ಅನಾಥ ಬಾಲಕನೊಬ್ಬನಿಗೆ ಹಲವು ವರ್ಷಗಳ ಕಾಲ ತಾಳ್ಮೆಯಿಂದ ಕಲಿಸಿದನು. ಆ ಹುಡುಗನಿಗೆ ಮಾತು ಬರಲಿಲ್ಲ. ಆದರೂ ಅವನ ಇಂದ್ರಿಯಗಳು ಚುರುಕಾದವು, ಕೆಲವು ಬರೆದ ಪದಗಳನ್ನು ಗುರುತಿಸಲು ಅವನು ಕಲಿತನು. ಎರಡನೆಯವನು ಇತಾರನ ಶಿಷ್ಯನಾದ ಎಡ್ವರ್ಡ್ ಸೆಗ್ವಾನ್. ಕುಂಠಿತ ಬುದ್ಧಿಯ ಮಕ್ಕಳಿಗಾಗಿಯೇ ಶಾಲೆಯನ್ನು ನಡೆಸಿ, ಮೊದಲು ಸ್ನಾಯುಗಳಿಗೆ, ಬಳಿಕ ಇಂದ್ರಿಯಗಳಿಗೆ, ಕೊನೆಗೆ ವಿಚಾರಶಕ್ತಿಗೆ ಶಿಕ್ಷಣ ನೀಡುವ ಕ್ರಮವನ್ನು ರೂಪಿಸಿ, 1846ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದವನು ಈತ. ಮಾಂಟೆಸೊರಿಯವರು ಪ್ಯಾರಿಸ್, ಲಂಡನ್ ನಗರಗಳಿಗೆ ಹೋಗಿ ಇಂತಹ ಶಾಲೆಗಳನ್ನು ಸ್ವತಃ ನೋಡಿದರು. ಸೆಗ್ವಾನನ ಉಪಕರಣಗಳು ಅಲ್ಲಿ ಉಳಿದಿದ್ದರೂ, ಅವುಗಳ ಹಿಂದಿನ ತತ್ತ್ವವು ಬಹುಮಟ್ಟಿಗೆ ಮರೆತುಹೋಗಿದೆಯೆಂದು ಅವರಿಗೆ ಅನಿಸಿತು.

1898ರಲ್ಲಿ ಟ್ಯೂರಿನ್ ನಗರದಲ್ಲಿ ಸೇರಿದ ಶಿಕ್ಷಕರ ಮಹಾಸಭೆಯಲ್ಲಿ ಅವರು ಈ ಮಕ್ಕಳ ಪರವಾಗಿ ಮಾತನಾಡಿದರು. ಹಿಂದುಳಿದ ಮಕ್ಕಳನ್ನು ಶಾಲೆಯಿಂದ ಹೊರಗಟ್ಟಿದರೆ ಸಮಾಜವು ಮುಂದೆ ಅದಕ್ಕೆ ದಂಡ ತೆರಬೇಕಾಗುತ್ತದೆ. ಅವರಿಗೆ ವಿಶೇಷ ಶಾಲೆಗಳೂ ವಿಶೇಷ ತರಬೇತಿ ಪಡೆದ ಶಿಕ್ಷಕರೂ ಬೇಕು ಎಂಬುದು ಅವರ ವಾದದ ಸಾರ. ಒಂದು ಕಾಲಕ್ಕೆ ಅವರನ್ನು ನಿರುತ್ಸಾಹಗೊಳಿಸಿದ್ದ ಬಾಚೆಲ್ಲಿಯು ಆ ವೇಳೆಗೆ ಇಟಲಿಯ ಶಿಕ್ಷಣಮಂತ್ರಿಯಾಗಿದ್ದನು. ರೋಮ್ ನಗರದ ಶಿಕ್ಷಕರಿಗೆ ಈ ವಿಷಯವಾಗಿ ಉಪನ್ಯಾಸಗಳನ್ನು ನೀಡುವಂತೆ ಅವನೇ ಅವರನ್ನು ಆಹ್ವಾನಿಸಿದನು. ಅದರ ಫಲವಾಗಿ 1900ರಲ್ಲಿ ವಿಶೇಷ ಶಿಕ್ಷಕರ ತರಬೇತಿ ಸಂಸ್ಥೆಯೊಂದು ರೋಮ್‌ನಲ್ಲಿ ಆರಂಭವಾಯಿತು. ಮಾಂಟೆಸೊರಿ ಮತ್ತು ಅವರ ಸಹೋದ್ಯೋಗಿ ಜುಸೆಪ್ಪೆ ಮೊಂತೆಸಾನೊ ಅದರ ನಿರ್ದೇಶಕರಾದರು. ನರಮಂಡಲದ ರಚನೆ, ಮನಶ್ಶಾಸ್ತ್ರ, ಬುದ್ಧಿಮಾಂದ್ಯದ ಕಾರಣಗಳು, ವಿಶೇಷ ಬೋಧನಾಕ್ರಮಗಳು ಇವೆಲ್ಲ ಅಲ್ಲಿನ ಪಠ್ಯವಿಷಯಗಳಾಗಿದ್ದವು. ಕಲಿಯುವ ಶಿಕ್ಷಕರ ಅಭ್ಯಾಸಕ್ಕೆಂದು ಸಂಸ್ಥೆಗೆ ಹೊಂದಿಕೊಂಡಂತೆ ಮಕ್ಕಳ ತರಗತಿಯೊಂದೂ ಇತ್ತು.

ಆ ತರಗತಿಯಲ್ಲಿ ಮಾಂಟೆಸೊರಿಯವರು ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಸ್ವತಃ ಮಕ್ಕಳಿಗೆ ಕಲಿಸಿದರು. ರಾತ್ರಿ ಮನೆಗೆ ಹೋಗಿ ಅಂದು ಕಂಡದ್ದನ್ನೆಲ್ಲ ಬರೆದಿಟ್ಟು, ಹೋಲಿಸಿ ನೋಡಿ, ಮರುದಿನಕ್ಕೆ ಹೊಸ ಉಪಕರಣಗಳನ್ನು ಯೋಚಿಸುತ್ತಿದ್ದರು. ಯಾವ ಮಕ್ಕಳನ್ನು ಲೋಕವು ನಿಷ್ಪ್ರಯೋಜಕರೆಂದು ತಳ್ಳಿಹಾಕಿತ್ತೋ ಆ ಮಕ್ಕಳಲ್ಲಿ ಕೆಲವರು ಓದುಬರಹವನ್ನು ಕಲಿತು, ಸಾಮಾನ್ಯ ಮಕ್ಕಳೊಡನೆ ಸರ್ಕಾರಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ನೋಡಿದವರೆಲ್ಲರೂ ಇದೊಂದು ಪವಾಡವೆಂದು ಕೊಂಡಾಡಿದರು. ಆದರೆ ಮಾಂಟೆಸೊರಿಯವರ ಮನಸ್ಸಿನಲ್ಲಿ ಎದ್ದದ್ದು ಬೇರೊಂದು ಪ್ರಶ್ನೆ. ಕುಂಠಿತ ಬುದ್ಧಿಯ ಮಕ್ಕಳು ಸರಿಯಾದ ಶಿಕ್ಷಣದಿಂದ ಸಾಮಾನ್ಯ ಮಕ್ಕಳ ಮಟ್ಟಕ್ಕೆ ಬರಬಹುದಾದರೆ, ಆರೋಗ್ಯವಂತರಾದ ಸಾಮಾನ್ಯ ಮಕ್ಕಳು ಇಷ್ಟು ಕೆಳಮಟ್ಟದಲ್ಲಿಯೇ ಉಳಿದಿರುವುದೇಕೆ? ದೋಷವು ಮಕ್ಕಳಲ್ಲಿದೆಯೋ, ಶಾಲೆಗಳಲ್ಲಿದೆಯೋ? ಈ ಪ್ರಶ್ನೆಯೇ ಅವರ ಮುಂದಿನ ಬಾಳನ್ನು ರೂಪಿಸಿತು.

ಈ ಪ್ರಶ್ನೆಗೆ ಉತ್ತರ ಕಾಣಲು ತಮ್ಮ ತಿಳಿವಳಿಕೆ ಸಾಲದೆಂದು ಅವರಿಗೆ ಮನವರಿಕೆಯಾಯಿತು. 1901ರಲ್ಲಿ ಅವರು ಸಂಸ್ಥೆಯನ್ನು ಬಿಟ್ಟರು. ಹೆಸರುವಾಸಿಯಾದ ವೈದ್ಯೆ, ಸಭೆಗಳಲ್ಲಿ ಗೌರವ ಪಡೆದ ಉಪನ್ಯಾಸಕಿ, ಮೂವತ್ತು ದಾಟಿದ ವಯಸ್ಸಿನಲ್ಲಿ ರೋಮ್ ವಿಶ್ವವಿದ್ಯಾನಿಲಯದಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿ ಹೆಸರು ನೋಂದಾಯಿಸಿಕೊಂಡರು. ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಮಾನವಶಾಸ್ತ್ರ, ಶಿಕ್ಷಣಶಾಸ್ತ್ರ ಇವುಗಳ ಅಧ್ಯಯನಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಇತಾರ್ ಮತ್ತು ಸೆಗ್ವಾನರ ಗ್ರಂಥಗಳನ್ನು ಮೊದಲಿನಿಂದ ಕೊನೆಯವರೆಗೆ ತಮ್ಮ ಕೈಯಾರೆ ಇಟಾಲಿಯನ್ ಭಾಷೆಯಲ್ಲಿ ಬರೆದುಕೊಂಡರು. ಒಂದೊಂದು ಮಾತಿನ ತೂಕವನ್ನೂ ಅಳೆದು, ಗ್ರಂಥಕರ್ತನ ಅಂತರಂಗವನ್ನು ಅರಿಯಬೇಕೆಂಬುದು ಅವರ ಉದ್ದೇಶವಾಗಿತ್ತು. ಆರು ನೂರು ಪುಟಗಳಷ್ಟು ದೊಡ್ಡದಾದ ಪುಸ್ತಕವನ್ನು ಹೀಗೆ ಅಕ್ಷರ ಅಕ್ಷರವಾಗಿ ಬರೆದುಕೊಳ್ಳುವುದು ಸಾಮಾನ್ಯ ಶ್ರಮವಲ್ಲ. ಆದರೂ ಹಿಂದುಳಿದ ಮಕ್ಕಳ ನಡುವೆ ದುಡಿದ ಎರಡು ವರ್ಷಗಳನ್ನೇ ಅವರು ಶಿಕ್ಷಣಶಾಸ್ತ್ರದಲ್ಲಿ ತಾವು ಪಡೆದ ನಿಜವಾದ ಪದವಿಯೆಂದು ಜೀವನದುದ್ದಕ್ಕೂ ಭಾವಿಸಿದ್ದರು.

1904ರಿಂದ ಅವರು ಅದೇ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಮಾನವಶಾಸ್ತ್ರವನ್ನು ಬೋಧಿಸಿದರು. ತಲೆಯ ಸುತ್ತಳತೆ, ದೇಹದ ಎತ್ತರ, ತೂಕಗಳನ್ನು ಅಳೆದು ಮಗುವನ್ನು ಅರಿಯಬಹುದೆಂಬ ನಂಬಿಕೆ ಅಂದಿನ ವಿಜ್ಞಾನದಲ್ಲಿ ಪ್ರಬಲವಾಗಿತ್ತು. ಅವರೂ ಆ ಅಳತೆಗಳನ್ನು ಕಲಿಸಿದರು. ತಲೆಯ ಅಳತೆಯಿಂದ ಬುದ್ಧಿಯನ್ನು ನಿರ್ಣಯಿಸುವ ಆ ನಂಬಿಕೆಯನ್ನು ಮುಂದಿನ ವಿಜ್ಞಾನ ಕೈಬಿಟ್ಟಿತು. ಅಳತೆಗೋಲಿಗಿಂತ ಕಣ್ಣು ದೊಡ್ಡದು. ಸ್ವತಂತ್ರವಾಗಿ ಕೆಲಸ ಮಾಡುತ್ತಿರುವ ಮಗುವನ್ನು ತಾಳ್ಮೆಯಿಂದ ಅವಲೋಕಿಸುವುದೇ ಶಿಕ್ಷಕನ ಮೊದಲ ವಿದ್ಯೆ ಎಂಬ ನಿಲುವಿಗೆ ಅವರು ಬಂದದ್ದು ಮಕ್ಕಳ ಸಹವಾಸದಿಂದ.

ಆ ಸಹವಾಸಕ್ಕೆ 1907ರಲ್ಲಿ ಅವಕಾಶ ಒದಗಿತು. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡಾವಣೆ ದಾರಿದ್ರ್ಯಕ್ಕೂ ಕೊಳಕಿಗೂ ಹೆಸರಾಗಿತ್ತು. ಗೃಹನಿರ್ಮಾಣ ಸಂಸ್ಥೆಯೊಂದು ಅಲ್ಲಿನ ಹಾಳು ಕಟ್ಟಡಗಳನ್ನು ದುರಸ್ತಿ ಮಾಡಿ ಬಡ ಕೂಲಿಗಾರರಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿಗಳು ದುಡಿಯಲು ಹೋದಾಗ ಮನೆಯಲ್ಲಿ ಉಳಿದ ಎಳೆಯ ಮಕ್ಕಳು ಮೆಟ್ಟಿಲು, ಗೋಡೆಗಳನ್ನು ಹಾಳುಗೆಡವುತ್ತಿದ್ದುವು. ಅವರನ್ನು ಒಂದೆಡೆ ಕೂಡಿಸಿ ನೋಡಿಕೊಳ್ಳುವ ಹೊಣೆಯನ್ನು ಸಂಸ್ಥೆಯ ನಿರ್ದೇಶಕನಾದ ಎಡ್ವಾರ್ಡೊ ತಲಾಮೊ ಮಾಂಟೆಸೊರಿಯವರಿಗೆ ಒಪ್ಪಿಸಿದನು. 1907ರ ಜನವರಿ 6ರಂದು, ಮೂರರಿಂದ ಆರು ಏಳು ವರ್ಷದೊಳಗಿನ ಸುಮಾರು ಐವತ್ತು ಮಕ್ಕಳೊಡನೆ ಮೊದಲ ಮಕ್ಕಳ ಮನೆ ಆರಂಭವಾಯಿತು. ವಿಶ್ವವಿದ್ಯಾನಿಲಯದ ಉಪನ್ಯಾಸಕಿಯೊಬ್ಬರು ಇಂತಹ ಕೇರಿಯ ಮಕ್ಕಳ ಪಾಲನೆಗೆ ಇಳಿದುದನ್ನು ಕಂಡು ಆಶ್ಚರ್ಯಪಟ್ಟವರು ಹಲವರು.

ಹಿಂದುಳಿದ ಮಕ್ಕಳಿಗಾಗಿ ರೂಪಿಸಿದ್ದ ಉಪಕರಣಗಳನ್ನೇ ಅವರು ತಿದ್ದಿ ಇಲ್ಲಿ ಬಳಸಿದರು. ಬೇರೆಬೇರೆ ಗಾತ್ರದ ಮರದ ಉರುಳೆಗಳನ್ನು ಅವುಗಳಿಗೆ ತಕ್ಕ ಗುಳಿಗಳಲ್ಲಿ ಕೂರಿಸುವುದು ಅವುಗಳಲ್ಲಿ ಒಂದು. ತಪ್ಪಾದ ಗುಳಿಯಲ್ಲಿಟ್ಟರೆ ಕೊನೆಯ ಉರುಳೆಗೆ ಜಾಗ ಸಿಗುವುದಿಲ್ಲ. ಆದ್ದರಿಂದ ತಪ್ಪನ್ನು ತೋರಿಸಲು ಶಿಕ್ಷಕಿ ಬೇಕಾಗಿಲ್ಲ, ಮಗುವೇ ಅದನ್ನು ಕಂಡು ತಿದ್ದಿಕೊಳ್ಳುತ್ತದೆ. ಹೆಸರುಗಳನ್ನು ಕಲಿಸುವಾಗ ಸೆಗ್ವಾನನ ಮೂರು ಹಂತದ ಕ್ರಮವನ್ನು ಅನುಸರಿಸಿದರು. ಮೊದಲು ಕೆಂಪು ಬಣ್ಣವನ್ನು ತೋರಿಸಿ ಅದರ ಹೆಸರನ್ನು ಹೇಳುವುದು. ಅನಂತರ ಹಲವು ಬಣ್ಣಗಳಲ್ಲಿ ಕೆಂಪನ್ನು ಎತ್ತಿಕೊಡುವಂತೆ ಕೇಳುವುದು. ಕೊನೆಗೆ ಅದನ್ನು ತೋರಿಸಿ ಹೆಸರೇನೆಂದು ವಿಚಾರಿಸುವುದು. ಮಗು ಎಡವಿದರೆ ಗದರಿಸದೆ, ಪಾಠವನ್ನು ಅಲ್ಲಿಗೇ ನಿಲ್ಲಿಸಿ ಇನ್ನೊಂದು ದಿನ ಹೊಸದಾಗಿ ಆರಂಭಿಸಬೇಕು. ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಕೈ ತೊಳೆಯುವುದು, ನೆಲ ಗುಡಿಸುವುದು ಇವೂ ಪಾಠಗಳೇ ಆಗಿದ್ದವು.

ಮಕ್ಕಳ ಮನೆಯಲ್ಲಿ ಕಂಡ ಸಂಗತಿಗಳು ಮಾಂಟೆಸೊರಿಯವರನ್ನೇ ಬೆರಗುಗೊಳಿಸಿದವು. ಒಂದು ದಿನ ಮೂರು ವರ್ಷದ ಹುಡುಗಿಯೊಬ್ಬಳು ಉರುಳೆಗಳನ್ನು ತೆಗೆದು ಕೂರಿಸುವ ಕೆಲಸದಲ್ಲಿ ಮೈಮರೆತಿದ್ದಳು. ಸುತ್ತಲೂ ಮಕ್ಕಳು ಹಾಡಿ ಕುಣಿದರೂ, ಅವಳನ್ನು ಕುರ್ಚಿಸಹಿತ ಎತ್ತಿ ಮೇಜಿನ ಮೇಲೆ ಇರಿಸಿದರೂ ಅವಳ ಏಕಾಗ್ರತೆ ಕದಲಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಅದನ್ನೇ ಮಾಡಿ, ಕೊನೆಗೆ ನಿದ್ದೆಯಿಂದ ಎದ್ದವಳಂತೆ ಪ್ರಸನ್ನಳಾಗಿ ಸುತ್ತ ನೋಡಿದಳು. ಇನ್ನೊಮ್ಮೆ ಶಿಕ್ಷಕಿಯು ಕಪಾಟಿಗೆ ಬೀಗ ಹಾಕುವುದನ್ನು ಮರೆತಾಗ, ಮಕ್ಕಳು ತಾವೇ ಉಪಕರಣಗಳನ್ನು ಆರಿಸಿಕೊಂಡು ಶಾಂತವಾಗಿ ಕೆಲಸಕ್ಕೆ ತೊಡಗಿದ್ದರು. ಶಿಕ್ಷಕಿ ಇದನ್ನು ಕಳ್ಳತನವೆಂದು ತಿಳಿದಳು. ಮಾಂಟೆಸೊರಿಯವರು ಇದನ್ನು ಆಯ್ಕೆಯೆಂದು ಅರಿತರು. ಅಂದಿನಿಂದ ಮಕ್ಕಳ ಕೈಗೆ ಎಟಕುವ ತಗ್ಗಾದ ತೆರೆದ ಕಪಾಟುಗಳು ಬಂದವು. ಮತ್ತೊಂದು ದಿನ ಅವರು ಕರವಸ್ತ್ರದಿಂದ ಮೂಗನ್ನು ಸದ್ದಿಲ್ಲದೆ ಒರೆಸಿಕೊಳ್ಳುವ ಬಗೆಯನ್ನು ತೋರಿಸಿದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸುರಿಯುವ ಮೂಗಿಗಾಗಿ ಸದಾ ಬೈಸಿಕೊಳ್ಳುತ್ತಿದ್ದ ಆ ಮಕ್ಕಳಿಗೆ, ಅವಮಾನ ಮಾಡದೆ ಅದನ್ನು ಕಲಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಎಳೆಯ ಮಗುವಿಗೂ ಮಾನವಿದೆಯೆಂಬ ಸತ್ಯವು ಅವರಿಗೆ ಹೀಗೆ ಗೋಚರವಾಯಿತು.

ತಾವು ಓದುಬರಹ ಕಾಣದ ತಾಯಂದಿರು ತಮ್ಮ ಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ಬೇಡಿಕೊಂಡರು. ಮಾಂಟೆಸೊರಿಯವರು ಬಡಗಿಗಳು ಬಳಸುವ ಉಪ್ಪುಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ಹಲಗೆಗಳಿಗೆ ಅಂಟಿಸಿದರು. ಮಗು ಅಕ್ಷರದ ಮೇಲೆ ಬರೆಯುವ ದಿಕ್ಕಿನಲ್ಲಿಯೇ ಬೆರಳಾಡಿಸುತ್ತಾ ಅದರ ಧ್ವನಿಯನ್ನು ಕೇಳುತ್ತಿತ್ತು. ಹೀಗೆ ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿತವು. ಕೆಲವು ತಿಂಗಳುಗಳ ಬಳಿಕ ಸುಮಾರು ಐದು ವರ್ಷದ ಹುಡುಗನೊಬ್ಬ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದವನು ಇದ್ದಕ್ಕಿದ್ದಂತೆ ಒಂದು ಪದವನ್ನೇ ಬರೆದನು. ತಾನು ಬರೆಯಬಲ್ಲೆನೆಂದು ಅವನು ಹಿಗ್ಗಿ ಕೂಗಿದಾಗ ಉಳಿದ ಮಕ್ಕಳೂ ಸುಣ್ಣದ ತುಂಡುಗಳನ್ನು ಹಿಡಿದು ನೆಲದ ಮೇಲೆ ಬರೆಯತೊಡಗಿದರು. ಈ ಸುದ್ದಿ ಹಬ್ಬಿ, ದೇಶವಿದೇಶಗಳ ಜನರು ಮಕ್ಕಳ ಮನೆಯನ್ನು ನೋಡಲು ಬಂದರು.

ಶಾಲೆಗಳು ಹೆಚ್ಚಿದಂತೆ ಶಿಕ್ಷಕರ ಅಗತ್ಯವೂ ಹೆಚ್ಚಿತು. 1909ರಲ್ಲಿ ಚಿತ್ತಾ ದಿ ಕಾಸ್ತೆಲ್ಲೊ ಎಂಬ ಊರಿನಲ್ಲಿ ಸುಮಾರು ನೂರು ಮಂದಿಗೆ ಮೊದಲ ಶಿಕ್ಷಕ ತರಬೇತಿ ನಡೆಯಿತು. ಅದೇ ವರ್ಷ ತಮ್ಮ ವಿಧಾನವನ್ನು ವಿವರಿಸುವ ಗ್ರಂಥವನ್ನು ಅವರು ಪ್ರಕಟಿಸಿದರು. 1912ರಲ್ಲಿ ಅದು ಇಂಗ್ಲಿಷಿಗೆ ಅನುವಾದವಾಯಿತು. ಈ ಕಾರ್ಯಕ್ಕಾಗಿ ಅವರು ವೈದ್ಯವೃತ್ತಿಯನ್ನೂ ವಿಶ್ವವಿದ್ಯಾನಿಲಯದ ಅಧ್ಯಾಪನವನ್ನೂ ಬಿಟ್ಟುಕೊಟ್ಟರು. 1913ರಲ್ಲಿ ರೋಮ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ತರಬೇತಿ ನಡೆಯಿತು; ವರ್ಷದ ಕೊನೆಯಲ್ಲಿ ಅಮೆರಿಕಾ ದೇಶವು ಅವರನ್ನು ಸಂಭ್ರಮದಿಂದ ಬರಮಾಡಿಕೊಂಡಿತು. ಹೊಗಳಿಕೆಯ ಜೊತೆಗೆ ಟೀಕೆಯೂ ಬಂತು. ಅಮೆರಿಕಾದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1914ರಲ್ಲಿ ಪುಸ್ತಕವೊಂದನ್ನು ಬರೆದು, ಈ ಉಪಕರಣಗಳು ಮಗುವಿನ ಕಲ್ಪನೆಗೂ ಸಹಜವಾದ ಆಟಕ್ಕೂ ಸಾಕಷ್ಟು ಎಡೆಗೊಡುವುದಿಲ್ಲವೆಂದು ಆಕ್ಷೇಪಿಸಿದನು. ಅಲ್ಲಿ ಆರಂಭದ ಉತ್ಸಾಹ ಬಹುಬೇಗ ತಗ್ಗಿತು. ಮಾಂಟೆಸೊರಿಯವರು ತಮ್ಮ ದಾರಿಯಲ್ಲಿ ಮುಂದುವರಿದರು.

ಅವರ ತರಬೇತಿಯಲ್ಲಿ ಉಪನ್ಯಾಸ ಕೇಳುವುದಷ್ಟೇ ಸಾಕಾಗುತ್ತಿರಲಿಲ್ಲ. ಪ್ರತಿಯೊಂದು ಉಪಕರಣವನ್ನೂ ಶಿಕ್ಷಕರು ತಾವೇ ಕೈಯಾರೆ ಬಳಸಿ ಕಲಿಯಬೇಕಾಗಿತ್ತು. ತಾಸುಗಟ್ಟಲೆ ಮೌನವಾಗಿ ಕುಳಿತು, ಮಕ್ಕಳ ಕೆಲಸದಲ್ಲಿ ಕೈಹಾಕದೆ, ಕಂಡದ್ದನ್ನು ಕಂಡಂತೆ ಬರೆಯಬೇಕಾಗಿತ್ತು. ಕೋಪವನ್ನೂ ಅಹಂಕಾರವನ್ನೂ ಗೆಲ್ಲದವನು ಮಗುವಿನ ಗುರುವಾಗಲಾರನೆಂಬುದು ಅವರ ದೃಢವಾದ ನಂಬಿಕೆ. ತಾನು ಮುಂದೆ ನಿಂತು ಬೋಧಿಸುವುದಕ್ಕಿಂತ ಮಗು ತಾನೇ ಕಲಿಯುವಂತೆ ಪರಿಸರವನ್ನು ಅಣಿಗೊಳಿಸಿ ಹಿಂದೆ ಸರಿಯುವುದು ಹೆಚ್ಚು ಕಷ್ಟದ ವಿದ್ಯೆಯೆಂದು ಅವರು ತಿಳಿಸಿದರು.

ಲೋಕದ ಮಕ್ಕಳಿಗಾಗಿ ದುಡಿದ ಈ ತಾಯಿಯ ಬಾಳಿನಲ್ಲಿ ಒಂದು ದೊಡ್ಡ ನೋವಿತ್ತು. ಮೊಂತೆಸಾನೊ ಮತ್ತು ಮಾಂಟೆಸೊರಿಯವರಿಗೆ 1898ರಲ್ಲಿ ಮಾರಿಯೊ ಎಂಬ ಮಗ ಹುಟ್ಟಿದ್ದನು. ಅವರಿಬ್ಬರಿಗೂ ವಿವಾಹವಾಗಿರಲಿಲ್ಲ. ವಿಷಯ ಹೊರಬಿದ್ದರೆ ಅಂದಿನ ಸಮಾಜವು ತಾಯಿಯನ್ನು ಬಹಿಷ್ಕರಿಸಿ ಅವರ ಕೆಲಸವನ್ನೆಲ್ಲ ಕಿತ್ತುಕೊಳ್ಳುತ್ತಿತ್ತು. ಆದ್ದರಿಂದ ಮಗು ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಯಿತು. ತಾಯಿ ಆಗಾಗ ಹೋಗಿ ನೋಡಿ ಬರುತ್ತಿದ್ದರು. ತಾನು ತಾಯಿಯೆಂದು ಹೇಳಿಕೊಳ್ಳುವಂತಿರಲಿಲ್ಲ. ತಮ್ಮ ತಾಯಿ ರೆನಿಲ್ಡೆ 1912ರಲ್ಲಿ ತೀರಿಕೊಂಡ ಬಳಿಕ ಅವರು ಮಗನನ್ನು ತಮ್ಮ ಬಳಿಗೆ ಕರೆತಂದರು. ಅಂದಿನಿಂದ ಮಾರಿಯೊ ತಾಯಿಯ ಬಲಗೈಯಾಗಿ ನಿಂತನು. ಆದರೂ ಬಹುಕಾಲ ಲೋಕದ ಎದುರಿಗೆ ಅವನು ಅವರ ಬಂಧುವೆಂದೋ ದತ್ತುಪುತ್ರನೆಂದೋ ಪರಿಚಿತನಾಗಿದ್ದನು.

ಇಟಲಿಯಲ್ಲಿ ಮುಸ್ಸೋಲಿನಿಯ ಆಡಳಿತವು ಮೊದಲು ಮಾಂಟೆಸೊರಿ ಶಾಲೆಗಳಿಗೆ ಬೆಂಬಲ ನೀಡಿತು. ಆ ನೆರವನ್ನು ಅವರು ಸ್ವೀಕರಿಸಿದರು. ಆದರೆ ಮಕ್ಕಳನ್ನು ಸ್ವತಂತ್ರರನ್ನಾಗಿ ಬೆಳೆಸುವ ಶಿಕ್ಷಣಕ್ಕೂ, ಅವರನ್ನು ಸರ್ವಾಧಿಕಾರಿಯ ಸೈನಿಕರನ್ನಾಗಿ ಪಳಗಿಸುವ ಹವಣಿಕೆಗೂ ಹೊಂದಾಣಿಕೆ ಸಾಧ್ಯವಿರಲಿಲ್ಲ. 1934ರಲ್ಲಿ ಅವರು ಸ್ವದೇಶವನ್ನು ತೊರೆದರು. ಅಲ್ಲಿನ ಅವರ ಶಾಲೆಗಳು ಮುಚ್ಚಲ್ಪಟ್ಟವು. ಜರ್ಮನಿಯಲ್ಲಿಯೂ ನಾಜಿ ಆಡಳಿತವು ಮಾಂಟೆಸೊರಿ ಶಾಲೆಗಳನ್ನು ಮುಚ್ಚಿಸಿತು. ಹಲವು ವರ್ಷಗಳ ಕಾರ್ಯಕ್ಷೇತ್ರವಾಗಿದ್ದ ಬಾರ್ಸಿಲೋನಾ ನಗರವನ್ನು 1936ರಲ್ಲಿ ಸ್ಪೇನಿನ ಅಂತರ್ಯುದ್ಧದ ಕಾರಣದಿಂದ ಬಿಡಬೇಕಾಯಿತು. ಅರವತ್ತಾರರ ವಯಸ್ಸಿನಲ್ಲಿ ನಿರ್ವಸಿತರಾದ ಅವರಿಗೆ ಹಾಲೆಂಡ್ ಆಶ್ರಯ ನೀಡಿತು.

ಅಷ್ಟರಲ್ಲಿ ಅವರ ಕೀರ್ತಿ ಭಾರತವನ್ನು ಮುಟ್ಟಿತ್ತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ತೆರೆದು ಈ ವಿಧಾನವನ್ನು ಭಾರತೀಯ ಮಕ್ಕಳಿಗೆ ಹೊಂದಿಸಿದ್ದರು. 1931ರಲ್ಲಿ ಲಂಡನ್ನಿಗೆ ಹೋಗಿದ್ದ ಮಹಾತ್ಮ ಗಾಂಧಿಯವರು ಅಲ್ಲಿನ ಮಾಂಟೆಸೊರಿ ಶಿಕ್ಷಕರ ವಿದ್ಯಾಲಯಕ್ಕೆ ಭೇಟಿಯಿತ್ತು ಮಾತನಾಡಿದ್ದರು. 1939ರ ಕೊನೆಯಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಾಂಟೆಸೊರಿಯವರು ಮಗನೊಡನೆ ಮದರಾಸಿನ ಅಡಯಾರಿಗೆ ಬಂದರು. ಮೊದಲ ತರಬೇತಿಗೇ ಮುನ್ನೂರಕ್ಕೂ ಹೆಚ್ಚು ಮಂದಿ ಸೇರಿದರು. ಅವರು ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಮಾಡುತ್ತಿದ್ದರು. ಮಾರಿಯೊ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದನು.

1940ರ ಜೂನ್ ತಿಂಗಳಲ್ಲಿ ಇಟಲಿಯು ಬ್ರಿಟನ್ನಿನ ವಿರುದ್ಧ ಯುದ್ಧಕ್ಕೆ ಇಳಿಯಿತು. ಭಾರತವನ್ನು ಆಳುತ್ತಿದ್ದ ಬ್ರಿಟಿಷ್ ಸರ್ಕಾರದ ಕಣ್ಣಿಗೆ ತಾಯಿಮಗ ಇಬ್ಬರೂ ಶತ್ರುದೇಶದ ಪ್ರಜೆಗಳಾದರು. ಮಾರಿಯೊನನ್ನು ಬಂಧನ ಶಿಬಿರಕ್ಕೆ ಕಳುಹಿಸಲಾಯಿತು. ವೃದ್ಧೆಯಾದ ತಾಯಿಯ ಓಡಾಟವನ್ನು ಅಡಯಾರಿನ ಆವರಣಕ್ಕೆ ಸೀಮಿತಗೊಳಿಸಲಾಯಿತು. ಆಗಸ್ಟ್ 31ರಂದು ಅವರಿಗೆ ಎಪ್ಪತ್ತು ವರ್ಷ ತುಂಬಿತು. ಆ ಸಂದರ್ಭದಲ್ಲಿ ವೈಸರಾಯಿಯಿಂದ ತಂತಿಯೊಂದು ಬಂತು. ಹುಟ್ಟುಹಬ್ಬದ ಕಾಣಿಕೆಯಾಗಿ ಅವರ ಮಗನನ್ನು ಅವರಿಗೆ ಹಿಂದಿರುಗಿಸಲಾಗುವುದೆಂಬುದು ಅದರ ತಾತ್ಪರ್ಯ. ನಲವತ್ತೆರಡು ವರ್ಷಗಳ ಕಾಲ ತಾಯಿ ಬಾಯಿಬಿಟ್ಟು ಹೇಳಲಾಗದಿದ್ದ ಮಾತನ್ನು ಸರ್ಕಾರದ ತಂತಿಯು ಸಹಜವಾಗಿ ಹೇಳಿಬಿಟ್ಟಿತ್ತು. ಮಾರಿಯೊ ಹಿಂದಿರುಗಿದನು.

ಯುದ್ಧದ ನಡುವೆಯೂ ಕೆಲಸ ನಿಲ್ಲಲಿಲ್ಲ. ಕೊಡೈಕನಾಲಿನಲ್ಲಿ ಕಳೆದ ವರ್ಷಗಳಲ್ಲಿ ಆರು ವರ್ಷ ಮೀರಿದ ಮಕ್ಕಳ ಶಿಕ್ಷಣದ ಬಗೆಗೆ ಅವರ ವಿಚಾರಗಳು ವಿಸ್ತಾರಗೊಂಡವು. ಗಿಡ, ಹುಳು, ಕಲ್ಲು, ನಕ್ಷತ್ರ, ಮನುಷ್ಯ ಎಲ್ಲವೂ ಒಂದನ್ನೊಂದು ಅವಲಂಬಿಸಿವೆಯೆಂಬ ಅರಿವನ್ನು ಮಕ್ಕಳಲ್ಲಿ ಮೂಡಿಸುವುದು ಅದರ ತಿರುಳು. ಅವರು 1946ರಲ್ಲಿ ಯೂರೋಪಿಗೆ ಹಿಂದಿರುಗಿ, ಮರುವರ್ಷ ಮತ್ತೆ ಭಾರತಕ್ಕೆ ಬಂದರು. ಮದರಾಸು, ಅಹಮದಾಬಾದ್, ಕರಾಚಿ ಮೊದಲಾದ ನಗರಗಳಲ್ಲಿ ಅವರಿಂದ ತರಬೇತಿ ಪಡೆದ ಶಿಕ್ಷಕರ ಸಂಖ್ಯೆ ಸಾವಿರವನ್ನು ಮೀರಿತು. ಹುಟ್ಟಿದಂದಿನಿಂದ ಮಗುವಿನ ಮನಸ್ಸು ಸುತ್ತಲಿನದೆಲ್ಲವನ್ನೂ ಹೀರಿಕೊಳ್ಳುವ ಪರಿಯನ್ನು ವಿವರಿಸುವ ಅವರ ಪ್ರಸಿದ್ಧ ಗ್ರಂಥವು ಭಾರತದಲ್ಲಿ ಮಾಡಿದ ಉಪನ್ಯಾಸಗಳಿಂದ ಮೂಡಿ, 1949ರಲ್ಲಿ ಬೆಳಕು ಕಂಡಿತು.

ಎರಡು ಮಹಾಯುದ್ಧಗಳನ್ನು ಕಂಡ ಅವರು, ಶಾಂತಿಯು ಒಪ್ಪಂದಗಳಿಂದಲ್ಲ, ಮಕ್ಕಳ ಶಿಕ್ಷಣದಿಂದ ನೆಲೆಗೊಳ್ಳಬೇಕೆಂದು ಸಾರಿದರು. 1949, 1950, 1951ರಲ್ಲಿ ಅವರ ಹೆಸರು ನೊಬೆಲ್ ಶಾಂತಿ ಪಾರಿತೋಷಕಕ್ಕೆ ಸೂಚಿತವಾಯಿತು. 1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತಡಿಯ ಊರಿನಲ್ಲಿ ಅವರು ನಿಧನರಾದರು, ಅಲ್ಲಿಯೇ ಸಮಾಧಿಸ್ಥರಾದರು. 1970ರಲ್ಲಿ ಅವರ ಜನ್ಮಶತಾಬ್ದಿಯ ನೆನಪಿಗೆ ಭಾರತ ಸರ್ಕಾರವು ಅಂಚೆಚೀಟಿಯನ್ನು ಹೊರತಂದಿತು. ಇಟಲಿಯು 1990ರಲ್ಲಿ ತನ್ನ ಸಾವಿರ ಲಿರಾ ನೋಟಿನ ಮೇಲೆ ಅವರ ಚಿತ್ರವನ್ನು ಮುದ್ರಿಸಿತ್ತು.

ಇಂದು ಶಿಶುಶಿಕ್ಷಣ ಮತ್ತು ವಿಶೇಷ ಶಿಕ್ಷಣ ಎರಡೂ ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ಮಟ್ಟದ ಅಧ್ಯಯನ ವಿಷಯಗಳಾಗಿವೆ. ನಮ್ಮ ದೇಶದಲ್ಲಿ ಬುದ್ಧಿ ಅಥವಾ ಅಂಗಗಳ ನ್ಯೂನತೆಯುಳ್ಳ ಮಕ್ಕಳಿಗೆ ಕಲಿಸುವವರು ವಿಶೇಷ ತರಬೇತಿ ಪಡೆದಿರಬೇಕೆಂದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾನೂನು ವಿಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೆಯ ವಯಸ್ಸಿನಿಂದಲೇ ಶಿಕ್ಷಣದ ಮೊದಲ ಘಟ್ಟವನ್ನು ಗುರುತಿಸಿದೆ. ಇವೆಲ್ಲ ಒಬ್ಬರ ಸಾಧನೆಯಲ್ಲ. ಆದರೆ ಹುಚ್ಚಾಸ್ಪತ್ರೆಯ ನೆಲದ ಮೇಲೆ ತಡಕಾಡುತ್ತಿದ್ದ ಮಕ್ಕಳ ಬೆರಳುಗಳಲ್ಲಿ ಕಲಿಯುವ ಹಸಿವನ್ನು ಕಂಡು, ಆ ಹಸಿವನ್ನು ತಣಿಸುವ ವಿದ್ಯೆಯನ್ನು ತಾವು ಮೊದಲು ಕಲಿತು, ಅನಂತರ ಸಾವಿರಾರು ಮಂದಿಗೆ ಕಲಿಸಿದ ಮಾಂಟೆಸೊರಿಯವರ ಪರಿಶ್ರಮಕ್ಕೆ ಇವುಗಳಲ್ಲಿ ದೊಡ್ಡ ಪಾಲಿದೆ. ಮಗುವಿನ ಗುರುವಾಗಬಯಸುವವನು ಮೊದಲು ಮಗುವಿನ ಶಿಷ್ಯನಾಗಬೇಕೆಂಬುದೇ ಅವರ ಬಾಳಿನ ಪಾಠ.